ಟೀಚರಮ್ಮನ ಎಡಗಿವಿ

ತುರುವೇಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ ರೇಣುಕಪ್ರಸಾದನ ರಿಪೇರಿ ಅಂಗಡಿಯಿದೆ. ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಗೋಡೆಗೆ ಹೊಡೆದ ಒಂದು ಹಲಗೆ. ಹಲಗೆಯ ತುಂಬ ಮೊಳೆ, ಮೊಳೆಗೊಂದು ಹೆಣ. ಹೊಟ್ಟೆ ಸೀಳಿದ ಕೆಪಾಸಿಟರು, ತಲೆ ಒಡೆದ ಟ್ರಾನ್ಸಿಸ್ಟರು, ಸಿಪ್ಪೆ ಸುಲಿದ ಟ್ರಾನ್ಸ್‌ಫಾರ್ಮರು. ಹೆಬ್ಬೆರಳು ಗಾತ್ರದ ಕೆಪಾಸಿಟರನ್ನು ಸೀಳಿದರೆ ಅದರೊಳಗೆ ಕಡಲೆಬೀಜದಷ್ಟು ಪುಟ್ಟದೊಂದು ಕೆಪಾಸಿಟರು, ಉಳಿದದ್ದೆಲ್ಲ ಖಾಲಿ. ತಾಮ್ರದ ತಂತಿ ಎಂದು ಕೊಂಡದ್ದನ್ನು ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಹಳೇ ಟ್ರಾನ್ಸಿಸ್ಟರಿನ ಮೈ ಉಜ್ಜಿ, ಮೇಲೆ ಹೊಸ ನಂಬರು ಅಚ್ಚೊತ್ತಿದ್ದೂ ಅಲ್ಲಿದೆ. ಹೊಸಬರು ಯಾರಾದರೂ ಇದೇನು ಎಂದು ಕೇಳಿದರೆ ಅವನು ಒಂದೊಂದರ ಮೇಲೂ ಬೆರಳಿಟ್ಟು ತೋರಿಸುತ್ತಾನೆ.

"ಇದನ್ನ ಮಾಡ್ದೋನ್ಗೂ ಹೆಂಡ್ತಿ ಮಕ್ಳು ಇರ್ತಾರೆ ಕಣಪ್ಪ. ಸಂಜೆ ಮನೆಗೆ ಹೋಗಿ ಕೈ ತೊಳ್ಕೊಂಡು ಉಣ್ತಾನೆ. ಹೆಂಗೆ ಒಳಕ್ಕೆ ಇಳೀತದೋ ಅವ್ನಿಗೆ!"

ಹೀಗೆ ಹೇಳುವಾಗ ಅವನ ಮೇಲ್ದುಟಿ ಮೂಗಿನ ಕಡೆಗೆ ಏರುತ್ತದೆ. ಕಮಟು ಕೊಬ್ಬರಿ ಕಚ್ಚಿದವನ ಮುಖ. ನಲವತ್ತಾರು ವರ್ಷದ ಅವನಿಗೆ ಆ ಮುಖ ಎಷ್ಟು ರೂಢಿಯಾಗಿದೆಯೆಂದರೆ, ಮೂಗಿನ ಎರಡು ಪಕ್ಕಕ್ಕೂ ಗೀರು ಬಿದ್ದು ನಿಂತುಬಿಟ್ಟಿದೆ. ಹೆಂಡತಿ ಪವಿತ್ರಾ, "ಸಾರು ಚೆನ್ನಾಗಿದ್ರೂ ನಿಮ್ಮ ಮೂತಿ ನೋಡಿ ನಂಗೆ ಗೊತ್ತಾಗಕ್ಕಿಲ್ಲ ಕಣ್ರೀ" ಎನ್ನುತ್ತಾಳೆ.

ಈ ಹೇಸಿಗೆ ಅವನಿಗೆ ಬಂದದ್ದು ಅಪ್ಪನಿಂದ. ಅಮ್ಮಸಂದ್ರದ ಕಡೆಯ ಅವರ ಹಳ್ಳಿಮನೆಯಲ್ಲಿ ಅಪ್ಪ ಮರುಳಸಿದ್ದಯ್ಯ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿದರೆ ವರ್ಷ ತುಂಬದೆ ಇಳಿಸಿದವರಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅನ್ನುತ್ತಿದೆಯೋ ಇಲ್ಲವೋ ಕೇಳಿ, ಆಮೇಲೇ ಒಡೆಯುತ್ತಿದ್ದರು. ಬೇಗ ಬಿಳುಪು ಬರಲೆಂದು ಗಂಧಕದ ಹೊಗೆ ಹಾಕುವವರ ಮನೆಯ ನೀರನ್ನೂ ಅವರು ಮುಟ್ಟುತ್ತಿರಲಿಲ್ಲ. ಆ ಅಟ್ಟದ ಕೆಳಗೆ ಕಿವಿ ಪಳಗಿಸಿಕೊಂಡ ಹುಡುಗ ಡಿಪ್ಲೊಮಾ ಓದಿ ರಿಪೇರಿಗೆ ಕೂತ. ತೋಟ ಅಣ್ಣನ ಪಾಲಿಗಿರಲಿ, ತನಗೆ ಸದ್ದಿನ ಕೆಲಸ ಸಾಕು ಎಂದುಕೊಂಡಿದ್ದ.

ಆದರೆ ಜನಕ್ಕೆ ಬೇಕಾದದ್ದು ಸದ್ದಲ್ಲ, ಗದ್ದಲ. ಜೊತೆಯಲ್ಲಿ ಓದಿದ ತಿಮ್ಮರಾಜುವೇ ಸಾಕ್ಷಿ. ಅವನದು ಶಾಮಿಯಾನ, ಮೈಕ್‌ಸೆಟ್ಟಿನ ವ್ಯವಹಾರ. ಆ ವರ್ಷ ಶ್ರಾವಣದಲ್ಲಿ ಒಂದು ದಿನ ಐದು ಸಾವಿರ ವ್ಯಾಟ್ ಎಂದು ಹಣೆಪಟ್ಟಿ ಹಚ್ಚಿದ ಆಂಪ್ಲಿಫೈಯರ್ ಒಂದನ್ನು ಎರಡು ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲೆ ದೊಪ್ಪನೆ ಇಳಿಸಿದ.

"ಆನ್‌ಲೈನಾಗೆ ತರ್ಸಿದ್ದು ಕಣ್ಲಾ. ಎತ್ತಿ ನೋಡು, ಏನ್ ತೂಕ ಐತೆ! ಎದೆ ನಡುಗೋ ಹಂಗೆ ಬಾರಿಸ್ತದೆ ಅಂದ್ಕಂಡಿದ್ದೆ. ಒಂದು ಮದ್ವೆಗೇ ಉಸ್ರು ನಿಂತೋಯ್ತು."

ರೇಣುಕಪ್ರಸಾದ ಮುಚ್ಚಳ ಬಿಚ್ಚಿದ. ಒಳಗೆ ಒಂದು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಸರ್ಕ್ಯೂಟು. ನಡುವೆ, ತೂಕಕ್ಕೆಂದು ಅಚ್ಚುಹಾಕಿ ಕೂರಿಸಿದ್ದ ಸಿಮೆಂಟಿನ ಗಟ್ಟಿ.

"ಥೂ," ಎಂದ ರೇಣುಕಪ್ರಸಾದ. "ಸಿಮೆಂಟ್ ಬೇಕಿದ್ರೆ ಅಮ್ಮಸಂದ್ರದ ಫ್ಯಾಕ್ಟ್ರಿಯಾಗೇ ಸಿಕ್ತಿತ್ತಲ್ಲ, ಆನ್‌ಲೈನಾಗೆ ಯಾಕ್ಲಾ ತರ್ಸೋಕೋದೆ?"

"ನಗ್ಬೇಡ ಬುಡು. ನಿಂದೂ ಏನ್ ಬಾಳೋ, ಯಾವಾಗ್ಲೂ ಥೂ ಥೂ ಅನ್ಕಂಡು. ಒಂದ್ ದಿನಾನಾದ್ರೂ ಏನಾರ ಚೆನ್ನಾಗೈತೆ ಅಂದಿದ್ದೀಯೇನ್ಲಾ?"

ಚೆನ್ನಾಗಿದೆ ಎಂದು ಹೇಳುವಂಥದ್ದು ಒಂದಾದರೂ ತನ್ನ ಕೈಯಿಂದ ಆಗಬೇಕು ಎಂಬ ಆಸೆ ರೇಣುಕಪ್ರಸಾದನಿಗೂ ಇತ್ತು. ಅದಕ್ಕೆ ತಕ್ಕ ಗಿರಾಕಿ ಬಂದಿರಲಿಲ್ಲ.

ಬಂದದ್ದು ಗಣೇಶನ ಹಬ್ಬ ಮುಗಿದ ವಾರ. ಎಪ್ಪತ್ತೊಂದು ವರ್ಷದ ಗಿರಿಜಾಂಬಿಕಾ ಟೀಚರು ಒಂದು ಬಟ್ಟೆಚೀಲ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು. ಸರ್ಕಾರಿ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಈಗ ಕೆರೆ ಕಡೆಯ ಬೀದಿಯ ತಮ್ಮ ಮನೆಯಲ್ಲಿ ಏಳು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ರೇಣುಕಪ್ರಸಾದನೂ ಅವರ ಕೈಕೆಳಗೆ ಓದಿದವನೇ. ಚೀಲದಿಂದ ಅವರು ತೆಗೆದದ್ದು ಬೂದುಬಣ್ಣದ ಮಖಮಲ್ಲಿನ ಮೆತ್ತೆಯ ಹಳೇ ಹೆಡ್‌ಫೋನು. ಮೈಸೂರಿನಲ್ಲಿ ಯಾವುದೋ ರೆಕಾರ್ಡಿಂಗ್ ಸ್ಟುಡಿಯೋ ಮುಚ್ಚಿದಾಗ ಅವರ ಶಿಷ್ಯೆಯೊಬ್ಬಳು ಕೊಂಡು ತಂದುಕೊಟ್ಟಿದ್ದಂತೆ.

"ಮೊಬೈಲಿಗೆ ಹಾಕಿದ್ರೆ ಸೊಳ್ಳೆ ಹಾಡಿದಂಗೆ ಕೇಳುತ್ತೆ. ಕೆಟ್ಟಿದೆಯಾ ನೋಡು."

ಅವನು ಮೀಟರು ಹಿಡಿದು ನೋಡಿದ. ಆರುನೂರು ಓಮ್. ಅವನ ಮುಖದ ಗೀರು ಮೊದಲ ಬಾರಿಗೆ ಸಡಿಲವಾಯಿತು. "ಕೆಟ್ಟಿಲ್ಲ ಟೀಚರಮ್ಮ. ಇಂಥದ್ದು ಈಗ ಸಿಕ್ಕಲ್ಲ. ಆದ್ರೆ ಇದನ್ನ ಓಡ್ಸೋಕೆ ಮೊಬೈಲಿಗೆ ಶಕ್ತಿ ಸಾಲ್ದು. ಮೂರನೇ ಅಂತಸ್ತಿನ ಮೇಲಿರೋ ಟ್ಯಾಂಕ್ ಇದ್ದಂಗೆ ಇದು. ಕುಡಿಯೋದು ಒಂದು ಬಿಂದಿಗೆ ನೀರೇ. ಆದ್ರೆ ಅಲ್ಲೀಗಂಟ ಏರ್ಸೋಕೆ ಒತ್ತಡ ಬೇಕಲ್ಲ."

"ಹಂಗಾದ್ರೆ ಏರಿಸೋ ಮೋಟ್ರು ಮಾಡ್ಕೊಡು."

"ಅಷ್ಟು ಅರ್ಜೆಂಟ್ ಯಾಕೆ ಟೀಚರಮ್ಮ?"

ಅವರು ಸ್ಟೂಲಿನ ಮೇಲೆ ಕೂತರು. ಓಣಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹೋದ ವರ್ಷ ಜೂನಿಯರ್ ಪರೀಕ್ಷೆಗೆ ತಿಮ್ಮರಾಜು ಮಗಳು ಧನ್ಯಶ್ರೀನ ಕರ್ಕೊಂಡು ಹೋಗಿದ್ದೆ. ಮೇಲಿನ ಷಡ್ಜ ಕೂದಲೆಳೆ ಕೆಳಗೆ ನಿಲ್ತಾ ಇದೆ ಅಂದ್ರು ಪರೀಕ್ಷೆ ಮಾಡೋರು. ಒಂದು ವರ್ಷದಿಂದ ಆ ಮಗು ನನ್ನ ಮುಂದೆ ಕೂತು ಅದನ್ನೇ ಹಾಡಿದೆ ರೇಣುಕ. ನಂಗೆ ಒಂದು ದಿನಾನೂ ಕೇಳಿಸ್ಲಿಲ್ಲ."

"ಡಾಕ್ಟ್ರಿಗೆ..."

"ತೋರ್ಸಿದೆ. ಪೀಂ ಪೀಂ ಅನ್ನಿಸಿ, ವಯಸ್ಸಿಗೆ ಸರಿಯಾಗಿದೆ ಅಂದ್ರು. ವಯಸ್ಸಿಗೆ ಸರಿಯಿದ್ರೆ ಸಾಕೇನೋ, ಶ್ರುತಿಗೆ ಸರಿ ಇರ್ಬೇಡ್ವಾ?" ಅವರು ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡರು. "ಈಗೀಗ ತಂಬೂರಿಯಲ್ಲೂ ಏನೋ ಜಿರ್ ಅಂದಂಗಾಗುತ್ತೆ. ಅದು ತಂತಿದೋ, ಮೊಬೈಲಿಂದೋ, ನನ್ನ ಕಿವೀದೋ ಗೊತ್ತಾಗಲ್ಲ. ದಿನಾ ಪಾಠ ರೆಕಾರ್ಡ್ ಮಾಡ್ಕೊಂಡು, ಮಾರನೇ ದಿನ ಬೆಳಗ್ಗೆ ಎದ್ದು ಇದರಲ್ಲಿ ಕೇಳ್ತೀನಿ. ಸಂಕ್ರಾಂತಿ ಹೊತ್ತಿಗೆ ತೀರ್ಮಾನ. ಕಿವಿ ಕೆಟ್ಟಿದ್ರೆ ಪಾಠ ನಿಲ್ಲಿಸ್ತೀನಿ. ಕೆಟ್ಟ ಕಿವಿ ಇಟ್ಕೊಂಡು ಮಕ್ಕಳಿಗೆ ಕಲಿಸೋದೂ ಹಾಲಿಗೆ ನೀರು ಹಾಕಿ ಮಾರೋದೂ ಎರಡೂ ಒಂದೇ."

ಕಲಬೆರಕೆಯ ವಿಷಯದಲ್ಲಿ ತನ್ನಷ್ಟೇ ಹೇಸುವ ಇನ್ನೊಂದು ಜೀವವನ್ನು ಅವನು ಆ ದಿನ ಕಂಡ.

ಅಂದಿನಿಂದ ಎರಡು ತಿಂಗಳು ಮಿಕ್ಸಿ, ಟಿವಿಗಳೆಲ್ಲ ಮೂಲೆ ಸೇರಿದವು. ಲಾಂಗ್ ನೋಟ್‌ಬುಕ್ಕಿನಲ್ಲಿ ಅವನು ನಕ್ಷೆ ಬರೆದ, ಹರಿದ, ಮತ್ತೆ ಬರೆದ. ಹೆಡ್‌ಫೋನಿಗೆ ಬೇಕಾದ ಒತ್ತಡ ಕೊಡುವುದು ಕಷ್ಟವಲ್ಲ. ಆ ಒತ್ತಡದ ಜೊತೆ ಬೇರೇನೂ ಸೇರದ ಹಾಗೆ ನೋಡಿಕೊಳ್ಳುವುದೇ ಕಷ್ಟ. ಕರೆಂಟಿನ ಗುಂಯ್ ಎನ್ನುವ ಸದ್ದು ತಂಬೂರಿಯ ನಾದದೊಳಗೆ ಸೇರಿಕೊಂಡರೆ ಯಾರಿಗೂ ಕಾಣದ ಕಳ್ಳನಂತೆ ಅಲ್ಲೇ ಇದ್ದುಬಿಡುತ್ತದೆ. ಅದಕ್ಕೆಂದು ಟ್ರಾನ್ಸ್‌ಫಾರ್ಮರಿಗೆ ಬೇರೆಯದೇ ಡಬ್ಬ ಮಾಡಿ, ಆಂಪ್ಲಿಫೈಯರಿನಿಂದ ಒಂದು ಮೊಳ ದೂರ ಇಟ್ಟ. ಅರ್ತಿನ ತಂತಿಗಳನ್ನೆಲ್ಲ ಒಂದೇ ಬಿಂದುವಿಗೆ ತಂದು ಕಟ್ಟಿದ.

ಸಾಮಾನು ತರಿಸುವುದು ಮಾತ್ರ ದಿನಕ್ಕೊಂದು ಅಸಹ್ಯ. ಮೂರು ಕಡೆಯಿಂದ ಬಂದ ಟ್ರಾನ್ಸಿಸ್ಟರುಗಳಲ್ಲಿ ಎರಡು ಕಡೆಯವು ಬಣ್ಣ ಬಳಿದವು. ಒಂದನ್ನು ಇಕ್ಕಳದಲ್ಲಿ ಹಿಡಿದು ಅಮುಕಿದರೆ ಒಳಗೆ ಸಾಸಿವೆಯಷ್ಟು ಚೂರು. ಹೊಸ ವಾಲ್ಯೂಮ್ ಕಂಟ್ರೋಲುಗಳೋ, ಸದ್ದು ಕಡಿಮೆ ಮಾಡಿದರೆ ಎಡಕ್ಕೊಂದು ಅಳತೆ ಬಲಕ್ಕೊಂದು ಅಳತೆ. ಆರು ತರಿಸಿದ, ಆರನ್ನೂ ಒಡೆದು ಹಲಗೆಗೆ ಏರಿಸಿದ. ಪವಿತ್ರಾ ಊಟದ ಡಬ್ಬಿ ತಂದವಳು ಹಲಗೆ ನೋಡಿ, "ಗೋಡೆ ಸಾಲ್ದೆ ಬತ್ತದೆ, ಮನೆ ಗೋಡೆಗೂ ಹೊಡೀರಿ" ಎಂದಳು.

ಕೊನೆಗೆ ಅಟ್ಟದ ಮೇಲಿದ್ದ ಹಳೇ ವಿದೇಶಿ ಟೇಪ್ ರೆಕಾರ್ಡರಿನಿಂದ ಒಂದು ವಾಲ್ಯೂಮ್ ಕಂಟ್ರೋಲು ಕಿತ್ತ. ನಲವತ್ತು ವರ್ಷದ ಮಾಲು. ಎಡಬಲ ಎರಡೂ ಕೂದಲಿನ ವ್ಯತ್ಯಾಸವಿಲ್ಲದೆ ಒಂದೇ ಅಳತೆ. "ಇದನ್ನ ಮಾಡ್ದೋನು ಮನುಷ್ಯ" ಎಂದು ಒಬ್ಬನೇ ಅಂದುಕೊಂಡ. ಒಂದೇ ಕೊರತೆ: ಒಣಗಿ ಬಿಗಿಯಾಗಿತ್ತು, ತಿರುಗಿಸಿದರೆ ಗೊರಗೊರ ಎನ್ನುತ್ತಿತ್ತು. ಇಂಥದ್ದನ್ನು ತೊಳೆಯಲು ಸ್ಪ್ರೇ ಬರುತ್ತದೆ. ತರಿಸಿದ. ಮೂಸಿದರೆ ಸೀಮೆಎಣ್ಣೆ. ಆ ಡಬ್ಬಿಯನ್ನು ಓಣಿಯ ಚರಂಡಿಗೆ ಎಸೆದು, ಬೆಂಚಿನ ಮೇಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿಗೆ ಕೈ ಹಾಕಿದ.

ಇದರಲ್ಲಿ ಯೋಚನೆ ಮಾಡುವಂಥದ್ದು ಅವನಿಗೆ ಏನೂ ಕಾಣಲಿಲ್ಲ. ಆ ಸೀಮೆಯಲ್ಲಿ ಬಾಗಿಲ ಕೀಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಬೀಗ ಸಿಕ್ಕಿಕೊಂಡರೆ ಕೊಬ್ಬರಿ ಎಣ್ಣೆ, ಹೊಲಿಗೆ ಮಿಷಿನ್ನಿಗೆ, ಸೈಕಲ್ ಚೈನಿಗೆ, ಒಡೆದ ಹಿಮ್ಮಡಿಗೆ, ಮಗುವಿನ ನೆತ್ತಿಗೆ ಎಲ್ಲಕ್ಕೂ ಅದೇ. ಅವನ ಬಾಟಲಿಯಲ್ಲಿದ್ದದ್ದು ಅಣ್ಣನ ತೋಟದ ಕೊಬ್ಬರಿಯನ್ನು ಎದುರಿಗೇ ಗಾಣಕ್ಕೆ ಹಾಕಿಸಿ ತಂದದ್ದು. ಅದಕ್ಕಿಂತ ಶುದ್ಧವಾದದ್ದು ಆ ಅಂಗಡಿಯಲ್ಲಿ ಬೇರೇನೂ ಇರಲಿಲ್ಲ. ಕಡ್ಡಿಯ ತುದಿಯಲ್ಲಿ ಒಂದೇ ಒಂದು ಹನಿ ಒಳಗೆ ಬಿಟ್ಟು ಹತ್ತು ಸಲ ತಿರುಗಿಸಿದ. ಕಾರ್ತಿಕದ ಬಿಸಿಲಿಗೆ ಕಾದ ತಗಡಿನ ಕೆಳಗೆ ಗುಂಡಿ ಬೆಣ್ಣೆಯಂತೆ ತಿರುಗಿತು. ಗೊರಗೊರ ನಿಂತೇ ಹೋಯಿತು.

ಭಾನುವಾರ ಮಧ್ಯಾಹ್ನ, ಬಸ್ಸುಗಳು ಕಡಿಮೆಯಾದ ಹೊತ್ತಿನಲ್ಲಿ, ಶಟರು ಎಳೆದು ಹೆಡ್‌ಫೋನು ಹಾಕಿಕೊಂಡ. ಏನನ್ನೂ ಹಾಕದೆ ಸದ್ದನ್ನು ಪೂರ್ತಿ ಏರಿಸಿದ. ಗುಂಯ್ ಇಲ್ಲ, ಸುಯ್ ಇಲ್ಲ. ಕೇಳಿಸಿದ್ದು ಅವನದೇ ನಾಡಿ. ಆಮೇಲೆ ತಂಬೂರಿಯ ರೆಕಾರ್ಡು ಹಾಕಿದ. ನಾಲ್ಕು ತಂತಿಗಳು ನಾಲ್ಕು ಕಡೆಯಿಂದ ಎದ್ದು ಬಂದು ತಲೆಯ ನಡುವೆ ಕೂತವು. ರೆಕಾರ್ಡು ಮುಗಿದರೆ ಮತ್ತೆ ಹಾಕಿದ. ಸೆಕೆಗೆ ಬೆವರು ಇಳಿಯುತ್ತಿತ್ತು.

ಮಾರನೇ ದಿನ ಎರಡು ಡಬ್ಬಗಳನ್ನೂ ಟೀಚರಮ್ಮನ ಮನೆಗೆ ಒಯ್ದು, ನಡುಮನೆಯ ಕಲ್ಲು ಗೂಡಿನಲ್ಲಿ ಇಟ್ಟು, ಪ್ಲಗ್ಗು ಹಾಕಿಕೊಟ್ಟ. ಅವರು ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಬೆರಳು ಮಂಡಿಯ ಮೇಲೆ ತಾಳ ಹಾಕತೊಡಗಿತು. ಅವನಿಗೆ ಎದೆ ಉಬ್ಬಿತು. ಉಬ್ಬಿದ ಎದೆಯಿಂದ ಆ ಮಾತು ಹೊರಟಿತು:

"ಇನ್ನು ನೀವು ಅನುಮಾನ ಪಡಂಗಿಲ್ಲ ಟೀಚರಮ್ಮ. ಇದರಾಗೆ ಗೊರ ಅಂತ ಒಂದು ಸದ್ದು ಬಂದ್ರೂ ಅದು ಡಬ್ಬದ್ದಲ್ಲ, ಕಿವೀದು ಅಂತ ಕಣ್ಮುಚ್ಕೊಂಡು ತೀರ್ಮಾನ ಮಾಡ್ಬೋದು."

"ಅಷ್ಟು ನಂಬಬಹುದಾ?"

"ನನ್ನ ನಂಬ್ಬೋದು."

ಡಿಸೆಂಬರ್ ಎರಡನೇ ವಾರ ತಿಮ್ಮರಾಜು ಅಂಗಡಿಗೆ ಬಂದ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ಮುಖದಲ್ಲಿ ತಮಾಷೆಯೂ ಇರಲಿಲ್ಲ.

"ಟೀಚರಮ್ಮ ಪಾಠ ನಿಲ್ಸವ್ರೆ, ಗೊತ್ತೇನ್ಲಾ? ಏಳು ಮಕ್ಳಿಗೂ ತಾಂಬೂಲ ಕೊಟ್ಟು, ಇನ್ನು ಬರ್ಬೇಡ್ರವ್ವಾ ಅಂದವ್ರೆ. ಶ್ರುತಿಪೆಟ್ಟಿಗೇನೂ ನಮ್ಮ ಧನ್ಯಶ್ರೀ ಕೈಗೇ ಕೊಟ್ಟು ಕಳ್ಸವ್ರೆ. ಎರಡು ದಿನದಿಂದ ಅದು ಅನ್ನ ಮುಟ್ಟಿಲ್ಲ."

ಸಂಜೆಯೇ ಅವನು ಹೋದ. ತಂಬೂರಿ ಗವಸು ತೊಟ್ಟು ಮೂಲೆಯಲ್ಲಿ ನಿಂತಿತ್ತು. ಟೀಚರಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಏನೂ ಆಗದವರಂತೆ ಮಾತಾಡಿಸಿದರು.

"ನಿನ್ನ ಡಬ್ಬ ನಿಜ ಹೇಳ್ತು ಕಣೋ. ಒಳ್ಳೇದಾಯ್ತು. ಎಡಗಿವಿ ಹೋಗಿದೆ. ಮೊದಮೊದಲು ಗೊರಗೊರ ಅಂತಿತ್ತು, ಈಗ ಎಡಗಡೆ ತಂಬೂರಿ ಬಾವಿಯೊಳಗೆ ಬಿದ್ದಂಗೆ ಕೇಳುತ್ತೆ. ಚಳಿ ಜಾಸ್ತಿ ಆದಂಗೆಲ್ಲ ಅದೂ ಜಾಸ್ತಿ. ಹೊತ್ತೇರಿದ ಮೇಲೆ ಪರವಾಗಿಲ್ಲ. ನರ ಚಳಿಗೆ ಹಿಡ್ಕೊಳ್ತದೆ ಅಂತ ಕಾಣುತ್ತೆ. ಹಿಂಗೆ ಬಂದು ಹೋಗೋ ಕಿವಿ ಇಟ್ಕೊಂಡು ಯಾವ ಪಾಠ?"

ಅವನು ಹೆಡ್‌ಫೋನು ಹಾಕಿಕೊಂಡು ಕೇಳಿದ. ಎಡ, ಬಲ, ಎರಡೂ ಶುದ್ಧ. ಗುಂಡಿ ತಿರುಗಿಸಿದ. ಒಂದು ಚಿಟಿಕೆ ಸದ್ದಿಲ್ಲ.

"ಡಬ್ಬ ಸರಿಯಾಗೈತೆ ಟೀಚರಮ್ಮ" ಎಂದ. ಹಾಗೆ ಹೇಳುವಾಗ ಅವನಿಗೆ ಸಮಾಧಾನವಾಗಿತ್ತು. ದುಃಖವೂ ಇತ್ತು, ಇಲ್ಲವೆಂದಲ್ಲ. ಆದರೆ ಮೊದಲು ಬಂದದ್ದು ಸಮಾಧಾನ. ತನ್ನ ಕೆಲಸ ಕೆಟ್ಟಿಲ್ಲ.

ಮರುದಿನ ಬೆಳಗ್ಗೆ ಮುಸುಕು ಹೊದ್ದು ಅಡಿಗೆಮನೆಯ ಬಾಗಿಲಲ್ಲಿ ಕಾಫಿಗೆ ಕಾದು ನಿಂತಿದ್ದ. ಪವಿತ್ರಾ ತಲೆಗೆ ಹಚ್ಚಲು ಕೊಬ್ಬರಿ ಎಣ್ಣೆಯ ಬಾಟಲಿ ಬಗ್ಗಿಸಿದಳು. ಬರಲಿಲ್ಲ. ಬೆಳ್ಳಗೆ ಹೆಪ್ಪುಗಟ್ಟಿತ್ತು. ಹೇರ್‌ಪಿನ್ನು ಒಳಗೆ ಹಾಕಿ ಕೆದಕಿ, ಅದೂ ಸಾಲದೆ ಬಾಟಲಿಯನ್ನು ಒಲೆಯ ಪಕ್ಕಕ್ಕೆ ಹಿಡಿದಳು. ಪ್ರತಿ ಚಳಿಗಾಲದಲ್ಲೂ ಪ್ರತಿ ಮನೆಯಲ್ಲೂ ನಡೆಯುವ ಕೆಲಸ.

"ಏನ್ರೀ, ಯಾವತ್ತೂ ಎಣ್ಣೆ ಕಾಣ್ದೋರಂಗೆ ನೋಡ್ತೀರಾ?"

ಅವಳು ಕಾಫಿ ಸೋಸುವಷ್ಟರಲ್ಲಿ ಗಾಡಿ ಹತ್ತಿ ಹೊರಟುಹೋಗಿದ್ದ. ಮುಖ ತೊಳೆದಿರಲಿಲ್ಲ, ಹೆಗಲ ಮೇಲೆ ಹೊದ್ದದ್ದು ಹಾಗೇ ಇತ್ತು.

ಟೀಚರಮ್ಮ ಆಗಷ್ಟೇ ಬಾಗಿಲಿಗೆ ನೀರು ಹಾಕುತ್ತಿದ್ದರು. ಅವನು ಒಳಗೆ ನುಗ್ಗಿ ಕಲ್ಲು ಗೂಡಿನ ಮುಂದೆ ಕೂತ. ಕಲ್ಲು ಮುಟ್ಟಿದರೆ ಹಿಮದಂತಿತ್ತು. ಹೆಡ್‌ಫೋನು ಹಾಕಿ ತಂಬೂರಿಯ ರೆಕಾರ್ಡು ಬಿಟ್ಟ. ಬಲಕ್ಕೆ ನಾದ ತುಂಬಿ ಬಂತು. ಎಡಕ್ಕೆ ದೂರದಲ್ಲೆಲ್ಲೋ ಕ್ಷೀಣ ಸದ್ದು. ಗುಂಡಿ ತಿರುಗಿಸಿದರೆ ಗೊರಗೊರ. ಹೆಡ್‌ಫೋನನ್ನು ಹಿಂದುಮುಂದು ತಿರುಗಿಸಿ ಹಾಕಿಕೊಂಡ. ಗೊರಗೊರ ಬಲಗಿವಿಗೆ ಬಂತು.

ಇಷ್ಟೇ. ಒಂದು ಸಲ ತಿರುಗಿಸಿ ಹಾಕಿಕೊಂಡಿದ್ದರೆ ಟೀಚರಮ್ಮನಿಗೂ ಗೊತ್ತಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ, ಯಾಕೆಂದರೆ ಅವನ ಮಾತು ನಂಬಿದ್ದರು.

ಜೇಬಿನಲ್ಲಿದ್ದ ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಿದ. ವಾಲ್ಯೂಮ್ ಕಂಟ್ರೋಲಿನ ತಗಡು ಮಡಚಿ ತೆಗೆದ. ಒಳಗೆ, ಹನಿ ಇಳಿದಿದ್ದ ಎಡದ ಪಾಲಿನಲ್ಲಿ, ಎಣ್ಣೆ ಬಿಳೀ ಪೊರೆಯಾಗಿ ಕೂತು, ಉಜ್ಜಬೇಕಾದ ಮುಳ್ಳನ್ನು ಪಟ್ಟಿಯಿಂದ ಮೇಲೆತ್ತಿ ಹಿಡಿದಿತ್ತು. ನಡುವೆ ಇಷ್ಟು ದಿನದ ದೂಳು ಅಂಟಿ ಕಪ್ಪು ಜಿಡ್ಡಾಗಿತ್ತು. ಅದರಿಂದ ಒಳ್ಳೇ ಕೊಬ್ಬರಿಯ ವಾಸನೆ ಬಂತು. ಕಲಬೆರಕೆ ಎಣ್ಣೆಯಾಗಿದ್ದರೆ ಹೀಗೆ ಹೆಪ್ಪುಗಟ್ಟುತ್ತಿರಲಿಲ್ಲವೇನೋ. ಕಡಲೆಬೀಜದಷ್ಟು ಕೆಪಾಸಿಟರು ಅಡಗಿಸಿಟ್ಟವನು, ಸಿಮೆಂಟಿನ ಗಟ್ಟಿ ಕೂರಿಸಿದವನು ಯಾರೂ ಗಿರಾಕಿಯ ಮುಂದೆ ನಿಂತು "ಕೆಟ್ಟಿರೋದು ನಿನ್ನ ಕಿವಿ" ಎಂದಿರಲಿಲ್ಲ. ಅದನ್ನು ಅವನು ಅಂದಿದ್ದ.

ಟೀಚರಮ್ಮ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವನು ಎಣ್ಣೆ, ಚಳಿ, ಎಡ, ಬಲ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವರು ಚೊಂಬನ್ನು ಕೆಳಗಿಡಲಿಲ್ಲ.

"ನಿನ್ನೆ ಸಂಜೆ ನೀನೇ ಕೇಳಿದ್ಯಲ್ಲ. ಏನಂದೆ?"

"ಡಬ್ಬ ಸರಿಯಾಗೈತೆ ಅಂದೆ."

"ಬೆಳಗ್ಗೆ ಮಾತ್ರ ಹಿಂಗಾಗುತ್ತೆ ಅಂತ ನಾನು ಬಾಯಿಬಿಟ್ಟು ಹೇಳಿದ ಮೇಲೂ?"

"ಹೂಂ."

"ಎಷ್ಟು ಬೇಗ ನೆಮ್ಮದಿ ಆಗೋಯ್ತಪ್ಪ ನಿಂಗೆ." ಅವರ ದನಿ ಏರಲಿಲ್ಲ. "ಕಿವಿ ಕಳ್ಕೊಂಡೋಳು ನಾನು ಅಂತ ಹತ್ತು ದಿನ ಅತ್ತಿದ್ದೀನಿ ಕಣೋ ರೇಣುಕ. ಮಕ್ಕಳ ಮುಂದೆ ನಗ್ತಾ ತಾಂಬೂಲ ಕೊಟ್ಟಿದ್ದೀನಿ. ತಗೊಂಡು ಹೋಗು ಇದನ್ನ, ಮೊದ್ಲು. ನಂಗೆ ನಿನ್ನ ಮೂತಿ ನೋಡೋಕಾಗ್ತಿಲ್ಲ."

ಅವನು ಎರಡು ಡಬ್ಬಗಳನ್ನೂ ಕಂಕುಳಲ್ಲಿ ಇರುಕಿಕೊಂಡು ಹೊರಟ.

ನಾಲ್ಕು ದಿನ ಅಂಗಡಿಯ ಶಟರು ಅರ್ಧ ಮಾತ್ರ ಎದ್ದಿತ್ತು. ಉಜ್ಜುವ ವಾಲ್ಯೂಮ್ ಕಂಟ್ರೋಲಿನ ಸಹವಾಸವೇ ಬೇಡವೆಂದು, ಟಕ್ ಟಕ್ ಎಂದು ಒಂದೊಂದೇ ಹಂತಕ್ಕೆ ಕೂರುವ ಸ್ವಿಚ್ಚು ತೆಗೆದುಕೊಂಡು, ಹಂತಹಂತಕ್ಕೂ ಅಳತೆಯ ರೆಸಿಸ್ಟರು ಬೆಸುಗೆ ಹಾಕಿದ. ಎಡಕ್ಕೊಂದು ಬಲಕ್ಕೊಂದು ಸರಿಜೋಡಿ ಸಿಗಲು ಮುನ್ನೂರಕ್ಕೂ ಹೆಚ್ಚು ರೆಸಿಸ್ಟರುಗಳನ್ನು ಮೀಟರಿಗೆ ಹಿಡಿದು ಅಳೆದ. ಮುಗಿದ ಮೇಲೆ ಡಬ್ಬವನ್ನು ಬೇಕರಿಯವನ ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು ತೆಗೆದು ಕೇಳಿದ. ಬಿಸಿಲಿಗಿಟ್ಟು ಕೇಳಿದ. ಹೆಡ್‌ಫೋನು ತಿರುಗಿಸಿ ಹಾಕಿಕೊಂಡು ಕೇಳಿದ. ಬೇಕರಿಯವನು, "ಏನಣ್ಣ, ಕೇಕು ಮಾಡ್ತಿದ್ದೀಯಾ?" ಎಂದು ನಕ್ಕ. ಅವನು ನಗಲಿಲ್ಲ.

ಐದನೇ ದಿನ ಬೆಳಗ್ಗೆ ಆರಕ್ಕೆ, ಚಳಿ ಇರುವಾಗಲೇ, ಟೀಚರಮ್ಮನ ಬಾಗಿಲು ತಟ್ಟಿದ. ಅವರು ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಈ ಸಲ ಅವನು ಯಾವ ಭರವಸೆಯನ್ನೂ ಕೊಡಲಿಲ್ಲ.

"ನನ್ನ ಮಾತು ನಂಬಬೇಡಿ. ಎರಡು ಕಡೆಗೂ ತಿರುಗ್ಸಿ ತಿರುಗ್ಸಿ ಹಾಕ್ಕೊಂಡು ಕೇಳಿ. ಆಮೇಲೆ ಸ್ವಿಚ್ ಆರ್ಸಿ ಬರೀ ಹೆಡ್‌ಫೋನ್ ಹಾಕ್ಕೊಂಡೂ ಕೇಳಿ."

ಅವರು ಮೊದಲು ತಂಬೂರಿ ಕೇಳಿದರು. ತಿರುಗಿಸಿ ಹಾಕಿಕೊಂಡು ಕೇಳಿದರು. ಆಮೇಲೆ ಮೊಬೈಲಿನಲ್ಲಿ ಉಳಿದಿದ್ದ ಕೊನೆಯ ಪಾಠವನ್ನು ಹಾಕಿದರು. ಧನ್ಯಶ್ರೀ ಹಾಡಿದ್ದು. ಹುಡುಗಿ ಮೇಲಿನ ಷಡ್ಜಕ್ಕೆ ಏರಿದ ಕೂಡಲೇ ಟೀಚರಮ್ಮನ ಕೈ ತಾನಾಗಿ ಎದ್ದಿತು.

"ಕೆಳಗಿದೆ!" ಎಂದರು ಗಟ್ಟಿಯಾಗಿ. ಮತ್ತೆ ಅದೇ ಜಾಗ ಹಾಕಿ ಕೇಳಿದರು. "ಕೆಳಗೇ ನಿಲ್ತಿದೆ ಮುಂಡೇದು. ಕೂದಲೆಳೆ. ಅವರು ಹೇಳಿದ್ದು ಸರಿ."

ಆಮೇಲೆ ಸ್ವಿಚ್ಚು ಆರಿಸಿದರು. ಹೆಡ್‌ಫೋನು ತೆಗೆಯಲಿಲ್ಲ. ಮಖಮಲ್ಲಿನ ಮೆತ್ತೆಯನ್ನು ಎರಡು ಕೈಯಿಂದ ಒತ್ತಿ ಹಿಡಿದು ತುಂಬ ಹೊತ್ತು ಕೂತರು. ಹೊರಗೆ ಹಾಲಿನವನು ಬಂದು ಕೂಗಿ ಹೋದ.

"ಈಗಲೂ ಒಂದು ಸದ್ದಿದೆ" ಎಂದರು. "ಸಣ್ಣದು. ದೂರದಲ್ಲಿ ಜೀರುಂಡೆ ಕೂಗಿದಂಗೆ. ಎರಡು ಕಡೆಗೂ ಸಮ."

ಅವನು ಸ್ಕ್ರೂಡ್ರೈವರಿಗಾಗಿ ಜೇಬಿಗೆ ಕೈ ಹಾಕಿದ.

"ಇದು ನಂದು" ಎಂದರು ಟೀಚರಮ್ಮ. "ಇದೇನು ಇವತ್ತಿಂದಲ್ಲ, ಇದರ ಜೊತೆ ಎಷ್ಟೋ ವರ್ಷ ಪಾಠ ಹೇಳಿದ್ದೀನಿ ಅಂತ ಕಾಣುತ್ತೆ. ಇಷ್ಟೇ ಆದ್ರೆ ನಿಭಾಯಿಸ್ಬೋದು. ಎದುರಿಗೆ ಕೂತು ಕೇಳಿದಾಗ ತಪ್ಪಿದ್ದನ್ನ ಮಾರನೇ ದಿನ ಇದರಲ್ಲಿ ಹಿಡೀತೀನಿ." ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ಅವನ ಕಡೆ ತಿರುಗಿದರು. "ಆದ್ರೆ ಒಂದು. ನಾನು ತಾಂಬೂಲ ಕೊಟ್ಟು ಕಳಿಸಿರೋ ಮಕ್ಕಳು. ಬನ್ನಿ ಅಂತ ಫೋನ್ ಮಾಡಿ ಕರೆಯೋಕಾಗಲ್ಲ. ತಾಂಬೂಲ ಇಟ್ಟೇ ಕರೀಬೇಕು. ಏಳು ಮನೆಗೂ ನೀನೇ ಹೋಗು. ಯಾಕೆ ನಿಲ್ಲಿಸಿದ್ರು, ಯಾಕೆ ಶುರು ಮಾಡ್ತಿದ್ದಾರೆ ಅಂತ ಕೇಳ್ತಾರೆ. ನೀನೇ ಹೇಳು."

ಆ ಸಂಜೆ ಅವನು ಎಲೆ, ಅಡಿಕೆ, ಬಾಳೆಹಣ್ಣು, ಏಳು ಕಾಯಿ ಚೀಲಕ್ಕೆ ತುಂಬಿಕೊಂಡು ಹೊರಟ. ಜನರ ತಪ್ಪನ್ನು ಗೋಡೆಯ ಮೇಲೆ ತೋರಿಸಿಕೊಂಡು ಬಂದವನಿಗೆ ತನ್ನದನ್ನು ಹೊಸಿಲ ಮೇಲೆ ನಿಂತು ಹೇಳುವುದು ಬೇರೆ ಕೆಲಸ. ಮೊದಲನೇ ಮನೆ ತಿಮ್ಮರಾಜುವಿನದು. ಕೇಳಿ ಮುಗಿಸಿದ ತಿಮ್ಮರಾಜು ಹೊಟ್ಟೆ ಹಿಡಿದುಕೊಂಡು ನಕ್ಕ.

"ಕೊಬ್ರಿ ಎಣ್ಣೆನೇನ್ಲಾ! ಊರ್ನೋರ್ಗೆಲ್ಲ ಥೂ ಅಂತಿದ್ದೆ. ಆ ಸಿಮೆಂಟ್ ಹಾಕ್ದೋನೇ ವಾಸಿ, ಅವ್ನು ಒಂದು ಮಗೂನೂ ಅಳ್ಸಿರ್ಲಿಲ್ಲ." ಆಮೇಲೆ ಗೆಳೆಯನ ಮುಖ ನೋಡಿ ನಗು ನಿಲ್ಲಿಸಿ, "ಬುಡು, ಬುಡು. ಒಳಕ್ಕೆ ಬಾ, ಕಾಫಿ ಕುಡಿ" ಎಂದ.

ಕಾಫಿ ಕುಡಿಯದೆ ಅವನು ಮುಂದಿನ ಮನೆಗೆ ಹೋದ. ಒಂದು ಮನೆಯವರು ಮಗುವನ್ನು ಆಗಲೇ ಕೀಬೋರ್ಡ್ ಕ್ಲಾಸಿಗೆ ಸೇರಿಸಿಬಿಟ್ಟಿದ್ದರು. ತಾಂಬೂಲ ತೆಗೆದುಕೊಂಡರು, ಬರುತ್ತೇವೆ ಎನ್ನಲಿಲ್ಲ. ಇನ್ನೊಂದರಲ್ಲಿ ಹುಡುಗಿಯ ಅಪ್ಪ ಪೂರ್ತಿ ಕೇಳಿಸಿಕೊಂಡು, "ಅಲ್ರೀ, ವಯಸ್ಸಾದೋರ ಹತ್ರ ಹಂಗೆಲ್ಲ ಜಂಬ ಹೊಡೀಬಾರ್ದು" ಎಂದರು. ಹೌದೆಂದ. ಮನೆಯಿಂದ ಮನೆಗೆ ಮಾತು ಚಿಕ್ಕದಾಗುತ್ತ ಬಂತು. ಬಾಯಲ್ಲಿ ಉಳಿಯುತ್ತಿದ್ದ ಕಮಟು ಮಾತ್ರ ಹಾಗೇ ಇತ್ತು.

ಕಡೆಯದು, ಆ ಏಳು ಮಕ್ಕಳಲ್ಲಿ ಒಬ್ಬಳಾದ ಜೀವಿತಾಳ ಮನೆ. ಜಗಲಿಯ ಮೇಲೆ ಅವಳ ಅಜ್ಜಿ ಚಿಕ್ಕಗೌರಮ್ಮ ಕೂತಿದ್ದರು.

"ನಾಳೆ ಬೆಳಗ್ಗೆಯಿಂದ ಪಾಠ ಮತ್ತೆ ಶುರುವಂತೆ ಅವ್ವ. ಟೀಚರಮ್ಮ ಕಳ್ಸವ್ರೆ."

"ಕಿವಿ ಹೋಯ್ತು ಅಂದ್ರಲ್ಲಪ್ಪ?"

"ಹೋಗಿಲ್ಲ. ಅವ್ರ ಕಿವಿ ಚೆನ್ನಾಗೈತೆ. ನಾನು ಮಾಡ್ಕೊಟ್ಟ ಡಬ್ಬ ಕೆಟ್ಟಿತ್ತು. ಕೆಟ್ಟಿರೋದು ಅವ್ರ ಕಿವಿ ಅಂತ ನಾನೇ ಅಂದಿದ್ದೆ."

ಮುದುಕಿ ಅವನನ್ನು ಮೇಲಿಂದ ಕೆಳಕ್ಕೆ ನೋಡಿತು. "ಯಾರ ಮಗ ನೀನು?"

ಅವನು ಅಪ್ಪನ ಹೆಸರು ಹೇಳಲು ಒಂದು ಕ್ಷಣ ತಡೆದ. ಆಮೇಲೆ ಹೇಳಿದ.

"ಅಂಥೋರ ಮಗ" ಎಂದಷ್ಟೇ ಅಂದು, ಅಜ್ಜಿ ಸೆರಗೊಡ್ಡಿ ತಾಂಬೂಲ ಹಾಕಿಸಿಕೊಂಡಿತು. ಒಳಗೆ ತಿರುಗಿ ಕೂಗಿತು: "ಜೀವೀ, ನಾಳೆ ಆರಕ್ಕೆಲ್ಲ ಏಳ್ಬೇಕಂತೆ ಕಣೇ, ಪಾಠ ಐತಂತೆ!"

ಒಳಗಿನಿಂದ ಹುಡುಗಿಯ ದನಿ, ಇಷ್ಟು ದಿನ ಸುಮ್ಮನಿದ್ದದ್ದು, ಅಂಜುತ್ತ ಅಂಜುತ್ತ ಷಡ್ಜ ಹಿಡಿಯಿತು. ರೇಣುಕಪ್ರಸಾದ ಖಾಲಿ ಚೀಲ ಮಡಚುತ್ತ ಗೇಟಿನ ಹತ್ತಿರ ನಿಂತ. ಅದು ಸರಿಯಾದ ಜಾಗದಲ್ಲಿ ನಿಂತಿತ್ತೋ ಕೂದಲೆಳೆ ಕೆಳಗಿತ್ತೋ ಅವನಿಗೆ ತಿಳಿಯಲಿಲ್ಲ. ಚೆನ್ನಾಗಿದೆ ಎಂದು ಹೇಳಲು ಬಾಯಿ ತೆರೆದವನು, ಅದನ್ನು ಹೇಳುವವನು ತಾನಲ್ಲ ಎಂದು ಸುಮ್ಮನೆ ಗಾಡಿ ಹತ್ತಿದ.